ಕಿವಿ ಕೊಟ್ಟವನು

ಕಿವಿ ಕೊಟ್ಟು ಕೇಳು ಅನ್ನುತ್ತಾರೆ.
ನಾನು ಕೊಟ್ಟೆ. ಎಡದ್ದು.
ಹತ್ತೊಂಬತ್ತು ನವೆಂಬರ್‌ಗಳ ಕಂತಿನಲ್ಲಿ,
ರಿಪ್ಪನ್‌ಪೇಟೆ, ಕೋಣಂದೂರು, ಆನಂದಪುರ,
ರಾಜ್ಯೋತ್ಸವದ ಒಂದೊಂದು ವೇದಿಕೆಗೆ ಒಂದೊಂದು ಚೂರು.

ರಿದಮ್ ಪ್ಯಾಡಿನವನ ಜಾಗ ಯಾವಾಗಲೂ
ದೊಡ್ಡ ಬಾಕ್ಸಿನ ಬಗಲು.
ಬಾರಿಸಿದ್ದು ಕೈಯಿಂದ ಹೊರಟು
ತಂತಿಯೊಳಗೆ ಓಡಿ, ಊರಿಗೆಲ್ಲ ಹಂಚಿಹೋಗುವ ಮೊದಲು
ನನ್ನ ಎಡಗೆನ್ನೆಗೇ ಬಾರಿಸುತ್ತಿತ್ತು.
ಎದೆಗೂಡು ಖಾಲಿ ಡಬ್ಬಿಯ ಹಾಗೆ ನಡುಗುತ್ತಿತ್ತು.
ಕುರ್ಚಿ ಎತ್ತಿಕೊಂಡು ಕುಣಿಯುವ ಹುಡುಗರು
ಇನ್ನೂ ಜೋರು, ಇನ್ನೂ ಜೋರು ಅನ್ನುತ್ತಿದ್ದರು,
ಮಿಕ್ಸರಿನ ಹಿಂದಿನಿಂದ ಜಬೀವುಲ್ಲಾ ನನ್ನ ಮುಖ ನೋಡುತ್ತಿದ್ದ,
ನಾನು ಹೆಬ್ಬೆರಳು ಮೇಲೆತ್ತುತ್ತಿದ್ದೆ.
ಸುಳ್ಳು ಯಾಕೆ ಹೇಳಲಿ,
ಅಷ್ಟು ಸುಖ ಮತ್ತೆಲ್ಲೂ ಇರಲಿಲ್ಲ.

ಆಮೇಲೆ ವ್ಯಾನಿನಲ್ಲಿ ಕೂತರೆ ಒಂದು ಕುಂಯ್.
ಬೆಳಿಗ್ಗೆ ಕಾಫಿ ಹೊತ್ತಿಗೆ ಹೋಗಿರುತ್ತಿತ್ತು.
ಒಂದು ಬೆಳಿಗ್ಗೆ ಕಾಫಿ ಆಯಿತು, ತಿಂಡಿ ಆಯಿತು,
ದುರ್ಗಿಗುಡಿಗೆ ಹೋಗಿ ಮೈಕಿಗೆ ಸೆಲ್ಲು ತಂದಾಯಿತು,
ಅದು ಹೊರಡಲಿಲ್ಲ,
ಎರಡು ದಿನಕ್ಕೆಂದು ಬಂದ ನೆಂಟ
ಪೆಟ್ಟಿಗೆ ಬಿಚ್ಚಿ ಅಂಗಿ ನೇತುಹಾಕಿಕೊಂಡ ಹಾಗೆ.

ಮೆಗ್ಗಾನಿನಲ್ಲಿ ಗಾಜಿನ ಕೋಣೆಯೊಳಗೆ ಕೂರಿಸಿ
ಕೈಗೊಂದು ಗುಂಡಿ ಕೊಟ್ಟರು. ಕೇಳಿಸಿದಾಗ ಒತ್ತಿ.
ಒತ್ತಿದೆ. ಒತ್ತಿದೆ. ಒತ್ತಿದೆ.
ಗಾಜಿನಾಚೆಯ ಹುಡುಗಿ ಬಾಗಿಲು ತೆರೆದಳು:
ಸಾರ್, ನಾನಿನ್ನೂ ಶುರುವೇ ಮಾಡಿಲ್ಲ.

ಡಾಕ್ಟರು ಒಳ್ಳೆಯವರು.
ಗಂಟೆಯೋ, ಜೀರುಂಡೆಯೋ, ಕುಕ್ಕರೋ
ಎಂದು ಕೇಳಿ ಬರೆದುಕೊಂಡರು.
ಇದಕ್ಕೆ ಔಷಧಿ ಅಂತ ಇಲ್ಲ,
ಜಾಸ್ತಿ ಕಿವಿಗೆ ಹಾಕಿಕೊಳ್ಳಬೇಡಿ, ಅಂದರು.
ಅಂದದ್ದು ಏನೆಂದು ಅವರಿಗೇ ಕೇಳಿಸಿ
ಕನ್ನಡಕ ತೆಗೆದು ಒರೆಸಿಕೊಂಡರು.

ಸಿಲ್ವೆಸ್ಟರ್ ಬಿಡಲಿಲ್ಲ. ಕೀಬೋರ್ಡ್ ಎಳೆದುಕೊಂಡು
ತೋರಿಸು ಅದನ್ನ, ಶ್ರುತಿ ಹಿಡಿಯೋಣ ಅಂದ.
ಹಲ್ಲಿನ ಸಂದಿಯಿಂದ ಶಿಳ್ಳೆ ಹಾಕಿದೆ.
ಬಲತುದಿಯಲ್ಲಿ ಹುಡುಕಿದ.
ಕಪ್ಪು ಐದು, ಸಾಲದು.
ಬಿಳಿ ಏಳು, ಹೆಚ್ಚಾಯ್ತು.
ಎರಡರ ನಡುವೆ ಎಲ್ಲೋ ಇದೆ ಗುರುವೇ,
ಇದಕ್ಕೆ ಮನೆಯೇ ಇಲ್ಲ, ಅಂದ.
ಇದೆ, ಎಂದು ಎಡಗಿವಿ ಮುಟ್ಟಿಕೊಂಡೆ.

ಏಪ್ರಿಲ್‌ನಲ್ಲಿ, ತೀರ್ಥಹಳ್ಳಿಯ ರಿಸೆಪ್ಷನ್ ಮುಗಿಸಿ ಬರುವಾಗ
ಮಂಡಗದ್ದೆ ದಾಟಿ ವ್ಯಾನಿನ ಬೆಲ್ಟು ಹರಿಯಿತು.
ರಾತ್ರಿ ಎರಡು. ಇಂಜಿನ್ ಸುಮ್ಮನಾದದ್ದೇ ತಡ
ಜೀರುಂಡೆಗಳು ಇಡೀ ಕಾಡನ್ನು ಕೊಯ್ಯತೊಡಗಿದವು.
ಥೂ, ತಲೆ ಚಿಟ್ಟು ಹಿಡಿಯುತ್ತೆ, ಅಂದಳು ಹಾಡುವ ಪ್ರಫುಲ್ಲ.
ಕಿವಿ ಮುಚ್ಚಿಕೊಂಡಳು. ಜಬೀವುಲ್ಲಾನೂ ಮುಚ್ಚಿಕೊಂಡ.
ನನಗೆ ಖುಷಿಯೋ ಖುಷಿ.
ಎರಡು ವರ್ಷದಲ್ಲಿ ಮೊದಲ ಸಲ
ನನಗೆ ಕೇಳಿಸುವುದು ಎಲ್ಲರಿಗೂ ಕೇಳಿಸುತ್ತಿತ್ತು.

ಯಾರೋ ಮರದ ಕಡೆ ಟಾರ್ಚು ಬಿಟ್ಟರು.
ಕಾಡು ಒಮ್ಮೆಗೇ ಬಾಯಿ ಮುಚ್ಚಿತು.
ಅಬ್ಬ, ಅಂದರು ಎಲ್ಲರೂ.
ಜೊತೆಗಿರಲಿ ಎಂದು ನಾನೂ ಅಂದೆ.
ಒಂದು ಮಾತ್ರ ಟಾರ್ಚಿಗೆ ಹೆದರಿರಲಿಲ್ಲ.

ಈಗ ಹತ್ತಿ ತುರುಕಿಕೊಂಡು ಬಾರಿಸುತ್ತೇನೆ,
ಬಿಟ್ಟಿದ್ದೇನೆ ಅಂದುಕೊಳ್ಳಬೇಡಿ.
ಮಲಗುವಾಗ ಮಾತ್ರ ಫ್ಯಾನ್ ಬೇಕು,
ನಿಶ್ಶಬ್ದ ನನಗೆ ಆಗಿಬರುವುದಿಲ್ಲ.
ಡಿಸೆಂಬರಿನ ಥಂಡಿಯಲ್ಲಿ ಕಸ್ತೂರಿ
ಸ್ವೆಟರ್ ಹಾಕಿ, ತಲೆಗೆ ಶಾಲು ಸುತ್ತಿ
ಆ ಫ್ಯಾನಿನ ಕೆಳಗೇ ಮಲಗುತ್ತಾಳೆ, ಏನೂ ಅನ್ನದೆ.

ನಿನ್ನೆ ಎದ್ದು ಫ್ಯಾನ್ ಆರಿಸಿದಳು.
ಒಂದು ಸಲ ನನಗೂ ಕೇಳಿಸು, ಅಂದಳು.
ಕತ್ತಲಲ್ಲಿ ಕಿವಿಗೆ ಕಿವಿ ಹಚ್ಚಿದೆವು.
ಗೋಡೆಗೆ ಆನಿಕೊಂಡ ಪಕ್ಕದ ಮನೆಯವಳ ಹಾಗೆ
ಉಸಿರು ಹಿಡಿದಳು, ತುಂಬಾ ಹೊತ್ತು.
ಏನಾದರೂ? ಅಂದೆ.
ಏನೂ ಇಲ್ಲ, ಅಂದಳು,
ಕಿವಿ ಮಾತ್ರ ಎಷ್ಟು ತಣ್ಣಗಿದೆ ನೋಡು,
ಎಂದು ಶಾಲಿನ ಅರ್ಧ
ನನ್ನ ಕಡೆಗೆ ಎಳೆದಳು.